ಶೀಟ್‌ಮನೆ ಸಪ್ಪಲಮ್ಮನ ಮೂಟೆ

ನಲ್ಲೂರಿನ ಹುಣಸೆ ತೋಪು ದಾಟಿ ಒಂದು ಮೈಲಿ ನಡೆದರೆ ಸಿಗುವ ಹಳ್ಳಿಯಲ್ಲಿ ಮೊಟ್ಟಮೊದಲು ಮನೆಗೆ ಜಿಂಕ್ ಶೀಟು ಹೊದಿಸಿದವನು ಲಕ್ಷ್ಮಯ್ಯ. ಅದು ಎಪ್ಪತ್ತೆರಡನೇ ಇಸವಿ, ಸಂಕ್ರಾಂತಿ ಕಳೆದು ವಾರವಾಗಿತ್ತು. ಅಲ್ಲಿಯವರೆಗೆ ಅವನದು ಹುಲ್ಲಿನ ಸೂರು. ಎರಡು ವರ್ಷಕ್ಕೊಮ್ಮೆ ಹುಲ್ಲು ಬದಲಿಸಬೇಕು, ಹೊದಿಸುವವರ ಕೈಕಾಲು ಹಿಡಿಯಬೇಕು. ಅಷ್ಟೆಲ್ಲ ಮಾಡಿದ ಮೇಲೂ ಒಮ್ಮೆ ಉಣ್ಣುವಾಗ ಮೇಲಿನಿಂದ ಚೇಳೊಂದು ನೇರವಾಗಿ ಅವನ ಸಾರಿನ ತಟ್ಟೆಗೆ ಬಿತ್ತು. ಆವತ್ತೇ ಅವನು ಹುಲ್ಲಿಗೆ ತಿಲಾಂಜಲಿ ಬಿಟ್ಟ.

ಶೀಟು ಗಾಡಿಯಲ್ಲಿ ಬಂದ ದಿನ ಊರೆಲ್ಲ ನೋಡಲು ಬಂತು. ಹೊಸ ಶೀಟಿನ ಮೇಲೆ ಬಿಸಿಲು ಬಿದ್ದು ಎದುರಿಗೆ ನಿಂತವರು ಕಣ್ಣಿಗೆ ಕೈ ಅಡ್ಡ ಹಿಡಿಯಬೇಕಾಯಿತು. ಎದುರುಮನೆಯ ಅಪ್ಪಯ್ಯಣ್ಣನೂ ಬಂದಿದ್ದ. ಅವನದು ಹೆಂಚಿನ ಮನೆ, ಊರಿಗೆ ಹಿರಿಯ, ಕೇಳದೆ ಬುದ್ಧಿ ಹೇಳುವುದರಲ್ಲಿ ಎತ್ತಿದ ಕೈ.

"ಹುಲ್ಲು ಕೀಳಬ್ಯಾಡ ಕಣ್ಲಾ ಲಕ್ಷ್ಮಯ್ಯ," ಎಂದ. "ಬೇಸಿಗೇಲಿ ಬೆಂದ್ಹೋಗ್ತೀಯ."

"ಬೆಂದ್ರೆ ನಾನು ಬೇಯ್ತೀನಿ ಅಣ್ಣ," ಎಂದ ಲಕ್ಷ್ಮಯ್ಯ, ನಾಲ್ಕು ಜನಕ್ಕೆ ಕೇಳಿಸುವ ಹಾಗೆ. "ನಿನ್ನ ಮನೆ ಬಾಗಿಲಿಗೆ ನೆರಳು ಕೇಳ್ಕಂಡು ಬರಲ್ಲ."

ಅಂದಿನಿಂದ ಅವನು ಶೀಟ್‌ಮನೆ ಲಕ್ಷ್ಮಯ್ಯನಾದ. ಆ ಹೆಸರು ಕೇಳಿದಾಗಲೆಲ್ಲ ಅವನ ಬೆನ್ನು ನೆಟ್ಟಗಾಗುತ್ತಿತ್ತು.

ಶಿವರಾತ್ರಿಗೆ ಚಳಿ ಶಿವ ಶಿವಾ ಅಂತ ಹೋಯಿತು. ಯುಗಾದಿಯ ಹೊತ್ತಿಗೆ ಲಕ್ಷ್ಮಯ್ಯನ ಮನೆಯೊಳಗೆ ಡಬ್ಬಿಯಲ್ಲಿದ್ದ ಬೆಲ್ಲದ ಅಚ್ಚು ತಾನಾಗಿ ಪಾಕವಾಗಿತ್ತು. ಗೋಡೆಯ ಹಲ್ಲಿಗಳು ಬೆಳಿಗ್ಗೆ ಹತ್ತಕ್ಕೇ ಹಿತ್ತಿಲ ಕಡೆ ಹೊರಟುಬಿಡುತ್ತಿದ್ದವು. ಅವನ ತಾಯಿ ಮುನಿವೆಂಕಟಮ್ಮ ಬೆಳಗಿನ ಮುದ್ದೆ ಉಂಡವಳೇ ಎಲೆಯಡಿಕೆ ಚೀಲ ಹಿಡಿದು ಹಿತ್ತಿಲ ಹೊಂಗೆಮರದ ಕೆಳಗೆ ಕೂತರೆ ದೀಪ ಹಚ್ಚುವ ತನಕ ಏಳುತ್ತಿರಲಿಲ್ಲ.

"ಒಳಗೆ ಬಾ ಅವ್ವ, ನೆರಳೈತೆ," ಎಂದು ಮಗ ಕರೆದ.

"ನೆರಳೇನೋ ಐತೆ ಕಣಪ್ಪ," ಎಂದಳು ಮುದುಕಿ. "ಒಲೆ ಒಳಗೂ ನೆರಳೇ ಇರ್ತೈತೆ."

ಲಕ್ಷ್ಮಯ್ಯ ಮಾತ್ರ ಒಪ್ಪಲಿಲ್ಲ. ಒಪ್ಪಿದರೆ ಅಪ್ಪಯ್ಯಣ್ಣ ಗೆದ್ದ ಹಾಗೆ. ಮಧ್ಯಾಹ್ನದ ಹೊತ್ತು ಬೇಕೆಂದೇ ಬಾಗಿಲು ತೆರೆದಿಟ್ಟು, ಎದುರುಮನೆಗೆ ಕಾಣುವ ಹಾಗೆ ನಡುಮನೆಯಲ್ಲಿ ಚಕ್ಕಳಮಕ್ಕಳ ಹಾಕಿ ಕೂರುತ್ತಿದ್ದ. ಬೆವರು ತಲೆಯಿಂದ ಹೊರಟು ಗಲ್ಲದಲ್ಲಿ ತೊಟ್ಟಿಕ್ಕುತ್ತಿತ್ತು. ಅಪ್ಪಯ್ಯಣ್ಣ ಜಗಲಿಯಿಂದಲೇ ಕೇಳುತ್ತಿದ್ದ: "ಏನ್ಲಾ, ಇಷ್ಟೊಂದು ನೆಂದಿದ್ದೀಯ?"

"ಈಗ ತಾನೆ ನೀರು ಹುಯ್ಕಂಡೆ ಅಣ್ಣ."

ಆ ಬೇಸಿಗೆ ಮುಗಿಯುವಷ್ಟರಲ್ಲಿ ಲಕ್ಷ್ಮಯ್ಯ ದಿನಕ್ಕೆ ನಾಲ್ಕು ಸಲ ಸ್ನಾನ ಮಾಡುವ ಮಡಿವಂತ ಎಂದು ಊರು ನಂಬಿತ್ತು. ಆದರೆ ಹಿರಿಯ ಅಳಿಯ ಹಬ್ಬಕ್ಕೆ ಬಂದವನು ಊಟವಾದ ಮೇಲೆ ಕಾಣೆಯಾದ. ಹುಡುಕಿದರೆ ಅಪ್ಪಯ್ಯಣ್ಣನ ಜಗಲಿಯ ಮೇಲೆ ಬಾಯಿ ಬಿಟ್ಟುಕೊಂಡು ಮಲಗಿದ್ದ. ಅಪ್ಪಯ್ಯಣ್ಣ ಪಕ್ಕದಲ್ಲಿ ಕೂತು ಬೀಸಣಿಗೆಯಲ್ಲಿ ಗಾಳಿ ಹಾಕುತ್ತಿದ್ದ, ಬಾಯಲ್ಲಿ ಒಂದು ಮಾತೂ ಇಲ್ಲದೆ. ಲಕ್ಷ್ಮಯ್ಯನಿಗೆ ಆ ಮೌನ ಚಪ್ಪಲಿಯಲ್ಲಿ ಹೊಡೆದಂತಾಯಿತು.

ಇಷ್ಟೆಲ್ಲ ನಡೆದರೂ ಅವನ ಹೆಂಡತಿ ಸಪ್ಪಲಮ್ಮ ಸೆಕೆಯ ಬಗ್ಗೆ ಒಂದು ಮಾತಾಡಿರಲಿಲ್ಲ. ಅವಳು ಲಕ್ಷ್ಮಯ್ಯನ ಅಕ್ಕನ ಮಗಳೇ. ಮದುವೆಗೆ ಮುಂಚೆ ಹೇಗೋ ಮದುವೆಯಾದ ಮೇಲೂ ಹಾಗೇ ಅವನನ್ನು ಮಾವ ಎಂದೇ ಕರೆಯುತ್ತಿದ್ದಳು. ಇಬ್ಬರು ಹೆಣ್ಣುಮಕ್ಕಳೂ ಗಂಡನ ಮನೆ ಸೇರಿದ ಮೇಲೆ, ಹೆಬ್ಬಾಳದ ಆಚೆಗಿದ್ದ ಅಳತೆ ಯಂತ್ರಗಳ ಫ್ಯಾಕ್ಟರಿಯೊಂದರಲ್ಲಿ ಕಸ ಗುಡಿಸುವ ಕೆಲಸ ಹಿಡಿದಿದ್ದಳು. ಬೆಳಿಗ್ಗೆ ಆರರ ಬಸ್ಸಿಗೆ ಹೋದರೆ ಸಂಜೆ ಆರೂವರೆಯ ಬಸ್ಸಿಗೆ ವಾಪಸ್ಸು. ಆಳು ಎತ್ತರ, ನಡಿಗೆ ಬಿರುಸು, ಮಾತು ಕಡಿಮೆ. ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಂಡದ್ದನ್ನು ಲಕ್ಷ್ಮಯ್ಯ ಕಂಡಿರಲಿಲ್ಲ.

ಮುಂದಿನ ವರ್ಷ ಸಂಕ್ರಾಂತಿಯ ಸುಮಾರಿಗೆ ಒಂದು ಸಂಜೆ ಅವಳು ಸೆರಗಿನಲ್ಲಿ ಸುತ್ತಿ ತಂದಿದ್ದ ಬಿಳಿಯ ತುಂಡೊಂದನ್ನು ಗಂಡನ ಮುಂದಿಟ್ಟಳು. ಇಟ್ಟಿಗೆಗಿಂತ ದಪ್ಪ, ಮಧ್ಯೆ ಏನೋ ಕೂರಿಸಿ ತೆಗೆದಂಥ ಗುಳಿ. ಲಕ್ಷ್ಮಯ್ಯ ಎತ್ತಿ ನೋಡಿದ. ಕೈಯಲ್ಲಿ ಏನೂ ಇಲ್ಲವೆಂಬಷ್ಟು ಹಗುರ.

"ಏನಿದು, ಬೆಂಡಾ?"

"ಬೆಂಡಿನ ಥರಾನೇ. ತರ್ಮಾಕೋಲು ಅಂತಾರೆ. ಫಾರಿನ್ನಿಂದ ಮಿಷನ್ ಬರುತ್ತಲ್ಲ, ಅದು ಒಡೀಬಾರ್ದು ಅಂತ ಪೆಟ್ಟಿಗೆ ಒಳಗೆ ಸುತ್ತ ಇಟ್ಟಿರ್ತಾರೆ. ಮಿಷನ್ ತೆಕ್ಕೊಂಡು ಇದನ್ನ ಎಸೀತಾರೆ. ಗುಡಿಸೋಳು ನಾನೇ." ಅವಳು ಕೂತುಕೊಂಡಳು. "ಇವತ್ತು ಬುತ್ತಿ ಡಬ್ಬೀನ ಈ ಗುಳಿ ಒಳಗಿಟ್ಟು ಮೇಲೊಂದು ತುಂಡು ಮುಚ್ಚಿದ್ದೆ, ಇರುವೆ ಮುತ್ತದೆ ಇರಲಿ ಅಂತ. ಮಧ್ಯಾಹ್ನ ತೆಗೆದ್ರೆ ಮುದ್ದೆ ಬೆಳಿಗ್ಗೆ ಕಟ್ಟಿದಂಗೇ ಬಿಸಿ ಇತ್ತು ಮಾವ."

"ಸರಿ, ಅದಕ್ಕೆ?"

"ಇದನ್ನ ಶೀಟಿನ ಕೆಳಗೆ ಕಟ್ಟಾನ ಅಂತ."

ಲಕ್ಷ್ಮಯ್ಯ ನಕ್ಕ. "ಮುದ್ದೇನ ಬಿಸಿಯಾಗಿ ಇಡೋದನ್ನ ಮನೆಗೆ ಕಟ್ಟಿದ್ರೆ ನಾವೂ ಬಿಸಿಯಾಗೇ ಇರ್ತೀವಿ. ಬೇರೆ ಒಲೆ ಬ್ಯಾಡ, ಮನೇಲೇ ಬೆಂದು ಬಡಿಸ್ಕಬೋದು."

"ಮುದ್ದೆಗೆ ಬಿಸಿ ಒಳಗಿತ್ತು, ಹೊರಗೆ ಹೋಗಕ್ಕೆ ಬಿಡಲಿಲ್ಲ," ಎಂದಳು ಸಪ್ಪಲಮ್ಮ. "ನಮಗೆ ಬಿಸಿ ಹೊರಗೈತೆ. ಒಳಗೆ ಬರಕ್ಕೆ ಬಿಡಲ್ಲ. ಬಾಗಿಲು ಎರಡೂ ಕಡೆ ಬಾಗಿಲೇ ಅಲ್ವಾ?"

ಲಕ್ಷ್ಮಯ್ಯ ತುಂಡನ್ನು ಮಗುಚಿ ನೋಡಿದ. ಮಾತು ಸರಿಯಾಗಿತ್ತು. ಅದಕ್ಕೇ ಸಿಟ್ಟು ಬಂತು. "ನಮ್ಮನೇಲಿ ಸೆಕೆ ಐತೆ ಅಂತ ಯಾರಂದ್ರು?"

"ಯಾರೂ ಅನ್ನಲಿಲ್ಲ," ಎಂದು ಸಪ್ಪಲಮ್ಮ ಎದ್ದು ಒಲೆ ಹಚ್ಚಲು ಹೋದಳು. ಆ ಬಿಳಿಯ ತುಂಡಿನ ಮೂಲೆಯೊಂದನ್ನು ಮುರಿದು ಉರಿಗೆ ಹಿಡಿದು ನೋಡಿದಳು. ಅದು ಕರಗಿ, ಕಪ್ಪು ಹೊಗೆ ಕಾರಿ, ತೊಟ್ಟುತೊಟ್ಟಾಗಿ ಉರಿಯುತ್ತ ಬಿತ್ತು. "ಅಡಿಗೆಮನೆ ಮೇಲೆ ಕಟ್ಟಂಗಿಲ್ಲ," ಎಂದು ತನಗೆ ತಾನೇ ಹೇಳಿಕೊಂಡಳು. ಮಿಕ್ಕ ಮನೆಗೆ ಕಟ್ಟುವುದು ತೀರ್ಮಾನವಾಗಿ ಹೋಗಿದೆ ಎಂದು ಲಕ್ಷ್ಮಯ್ಯನಿಗೆ ಅರ್ಥವಾಯಿತು. ಒಂದೇ ಒಂದು ಷರತ್ತು ಹಾಕಿದ: ಊರಲ್ಲಿ ಯಾರಿಗೂ ತಿಳಿಯಕೂಡದು.

ಸಪ್ಪಲಮ್ಮ ಫ್ಯಾಕ್ಟರಿಯ ಮೇಸ್ತ್ರಿಯನ್ನು ಕೇಳಿ, ಗೇಟಿನಲ್ಲಿ ತೋರಿಸಲು ಚೀಟಿ ಬರೆಸಿಕೊಂಡಳು. ತುಂಡುಗಳು ಗಾಳಿಗೆ ಹಾರಿಹೋಗದಂತೆ ಒಂದರ ಮೇಲೊಂದು ಜೋಡಿಸಿ ಗೋಣಿತಟ್ಟಿನಲ್ಲಿ ಸುತ್ತಿ ಹುರಿ ಬಿಗಿದಳು. ಮೊದಲ ಮೂಟೆ ಬರುವ ಸಂಜೆ ಲಕ್ಷ್ಮಯ್ಯ ರಸ್ತೆಗೆ ಹೋಗಿ ಬಸ್ಸಿಗಾಗಿ ಕಾಯುತ್ತಿದ್ದ. ಪಕ್ಕದ ಟೀ ಅಂಗಡಿಯಲ್ಲಿ ಅಪ್ಪಯ್ಯಣ್ಣನೂ ಊರಿನ ಮೂರು ನಾಲ್ಕು ಜನವೂ ಕೂತಿದ್ದರು. ಅವರನ್ನು ಕಂಡು ಲಕ್ಷ್ಮಯ್ಯ ಬೆನ್ನು ತಿರುಗಿಸಿ ನಿಂತ. ಅಷ್ಟರಲ್ಲಿ ಬಸ್ಸು ಬಂತು.

ಬಾಗಿಲಲ್ಲೇ ಜಗಳ ನಡೆದಿತ್ತು. ಮೂಟೆ ಬಸ್ಸಿನ ಬಾಗಿಲಿನಷ್ಟೇ ದೊಡ್ಡದಿತ್ತು.

"ಇಷ್ಟು ದೊಡ್ಡ ಮೂಟೆಗೆ ಲಗ್ಗೇಜ್ ಚೀಟಿ ತಗೊಳ್ಳದೆ ಇಳಿಯಂಗಿಲ್ಲಮ್ಮ," ಎನ್ನುತ್ತಿದ್ದ ಕಂಡಕ್ಟರು.

"ಲಗ್ಗೇಜು ತೂಕಕ್ಕಾ, ಗಾತ್ರಕ್ಕಾ?"

"ತೂಕಕ್ಕೆ."

"ಹಂಗಾದ್ರೆ ಹಿಡ್ಕಳಪ್ಪ, ನೀನೇ ತೂಗಿ ನೋಡು," ಎಂದು ಸಪ್ಪಲಮ್ಮ ಮೂಟೆಯನ್ನು ಅವನತ್ತ ನೀಡಿದಳು.

ಕಂಡಕ್ಟರು ಹೆಗಲಿನ ದುಡ್ಡಿನ ಚೀಲವನ್ನು ಹಿಂದಕ್ಕೆ ಸರಿಸಿ, ಕಾಲು ಅಗಲಿಸಿ, ಹಲ್ಲು ಕಚ್ಚಿ, ಎರಡು ಮಣದ ಮೂಟೆಗೆ ಬೇಕಾದಷ್ಟು ಶಕ್ತಿ ಹಾಕಿ ಸೆಳೆದ. ಮೂಟೆ ಗಾಳಿಯಂತೆ ಅವನ ಎದೆಗೆ ಬಂತು. ಹಾಕಿದ ಶಕ್ತಿಯೆಲ್ಲ ಅವನಿಗೇ ತಿರುಗಿ, ಬೆನ್ನು ಹಿಂದಾಗಿ ಮೂರನೇ ಸೀಟಿನ ಹೆಂಗಸರ ತೊಡೆಯ ಮೇಲೆ ಹೋಗಿ ಬಿದ್ದ. ಮೇಲೆ ಮೂಟೆ. ಬಸ್ಸಿನ ಒಳಗಿದ್ದವರಿಗೆ ಏನಾಯಿತೆಂದು ತಿಳಿಯಿತು. ಟೀ ಅಂಗಡಿಯಲ್ಲಿದ್ದವರಿಗೆ ಕಂಡದ್ದು ಇಷ್ಟೇ: ಗಟ್ಟಿಮುಟ್ಟು ಕಂಡಕ್ಟರು ಮೂಟೆ ಹಿಡಿದ, ಮೂಟೆ ಅವನನ್ನು ಕೆಡವಿತು. ಆಮೇಲೆ ಸಪ್ಪಲಮ್ಮ ಒಂದೇ ಕೈಯಲ್ಲಿ ಅದನ್ನು ಅವನ ಮೇಲಿಂದ ಎತ್ತಿ, ತಲೆಯ ಮೇಲಿಟ್ಟುಕೊಂಡು, ಇನ್ನೊಂದು ಕೈಯಲ್ಲಿ ಬುತ್ತಿ ಡಬ್ಬಿ ಬೀಸುತ್ತ ಇಳಿದಳು.

ಟೀ ಅಂಗಡಿಯಲ್ಲಿದ್ದವರೆಲ್ಲ ಎದ್ದು ನಿಂತರು. ಸಪ್ಪಲಮ್ಮ ಬಿರಬಿರನೆ ಊರ ಕಡೆ ನಡೆದುಬಿಟ್ಟಳು. ಹಿಂದೆ ಹೊರಟ ಲಕ್ಷ್ಮಯ್ಯನ ತೋಳನ್ನು ಅಪ್ಪಯ್ಯಣ್ಣ ಹಿಡಿದುಕೊಂಡ.

"ಏನ್ಲಾ ಅದ್ರೊಳಗೆ?"

ಲಕ್ಷ್ಮಯ್ಯನಿಗೆ ಬೆಂಡು ಅನ್ನುವಂತಿರಲಿಲ್ಲ. ಬೆಂಡು ಅಂದರೆ ಯಾಕೆ ಎಂಬ ಪ್ರಶ್ನೆ, ಯಾಕೆ ಅಂದರೆ ಸೆಕೆ ಎಂಬ ಉತ್ತರ. ಬಾಯಿಗೆ ಬಂದದ್ದನ್ನು ಹೇಳಿದ: "ಮಿಷನ್ ಸಾಮಾನು ಅಣ್ಣ. ಕಬ್ಬಿಣದ್ದು. ಫ್ಯಾಕ್ಟರೀದು."

ಆ ಮಾತು ಲಕ್ಷ್ಮಯ್ಯನಿಗಿಂತ ಮುಂಚೆ ಊರು ಮುಟ್ಟಿತು.

ಅಲ್ಲಿಂದ ವಾರಕ್ಕೆರಡು ಮೂಟೆ ಬರತೊಡಗಿದವು. ಪ್ರತಿ ಸಲವೂ ನೋಡಲು ಬರುವ ಜನ ಹೆಚ್ಚಾದರು. ಸಪ್ಪಲಮ್ಮ ಅನ್ನುವುದು ಗ್ರಾಮದೇವತೆಯ ಹೆಸರು, ಆ ತಾಯಿಯೇ ಮೈಮೇಲೆ ಇದ್ದಾಳೆ ಎಂದರು ಕೆಲವರು. ಅಪ್ಪಯ್ಯಣ್ಣನ ಹೆಂಡತಿ ವರಲಕ್ಷ್ಮಮ್ಮ ಬಂದು, ಮೂಲೆಯಲ್ಲಿರುವ ಒರಳುಕಲ್ಲನ್ನು ಸ್ವಲ್ಪ ಈಚೆಗೆ ಇಟ್ಟುಕೊಡುತ್ತೀಯಾ ಎಂದು ವಿನಯವಾಗಿ ಕೇಳಿದಳು. ಸಪ್ಪಲಮ್ಮನಿಗೆ ಆಗಲೇ ಸಂಗತಿ ಗೊತ್ತಾದದ್ದು. ಇವತ್ತು ಶುಕ್ರವಾರ, ಕಲ್ಲು ಕದಲಿಸಬಾರದು ಎಂದು ಹೇಳಿ ಕಳಿಸಿ, ಗಂಡನ ಕಡೆ ತಿರುಗಿದಳು.

"ಕಬ್ಬಿಣ ಅಂದಿದ್ದು ನೀನು. ಬಿಡಿಸ್ಕಳೋನೂ ನೀನೇ."

ಲಕ್ಷ್ಮಯ್ಯ ಬಿಡಿಸಿಕೊಳ್ಳಲಿಲ್ಲ. ಬಾಗಿಲು ಹಾಕಿಕೊಂಡು ಕೆಲಸದಲ್ಲಿ ಮುಳುಗಿದ. ತೊಲೆಗಳ ಅಡ್ಡಕ್ಕೆ ಬಿದಿರ ದಬ್ಬೆ ಹೊಡೆದು, ಅದರ ಮೇಲೆ ಬಿಳಿ ತುಂಡುಗಳನ್ನು ಜೋಡಿಸುವುದು ಯೋಜನೆ. ಶೀಟಿಗೆ ತಾಗಿಸಿಟ್ಟ ಮೊದಲ ತುಂಡು ಬಿಸಿಲಿಗೆ ಸೊಟ್ಟಗಾಯಿತು. ಅಂದಿನಿಂದ ಶೀಟಿಗೂ ಬೆಂಡಿಗೂ ನಡುವೆ ನಾಲ್ಕು ಬೆರಳು ಜಾಗ ಬಿಟ್ಟರು. ಆದರೆ ತುಂಡಿಗೂ ತುಂಡಿಗೂ ಸಂದಿ ಉಳಿಯುತ್ತಿತ್ತು. ಅಂಟು ಬೇಕಾಯಿತು.

ಲಕ್ಷ್ಮಯ್ಯ ದೇವನಹಳ್ಳಿಗೆ ಹೋಗಿ ಸೈಕಲ್ ಶಾಪ್ ಸೊಣ್ಣಪ್ಪನ ಹತ್ತಿರ ಪಂಕ್ಚರ್ ಹಾಕುವ ಸಲ್ಯೂಷನ್ ಕೇಳಿದ, ಒಂದು ಡಬ್ಬಿ ತುಂಬ.

"ಯಾವ ಸೈಕಲ್ಲು ತಗೊಂಡೆ ಗುರು?" ಎಂದ ಸೊಣ್ಣಪ್ಪ.

"ಇನ್ನೂ ತಗೊಂಡಿಲ್ಲ."

"ಸೈಕಲ್ಲಿಗೆ ಮುಂಚೆ ಪಂಕ್ಚರ್ರಾ? ಬಲೇ ಮುಂದಾಲೋಚನೆ ಕಣಪ್ಪ ನಿಂದು. ತಗೋ, ಇದು ಹಿಡಿದ್ರೆ ಆನೆ ಎಳೆದ್ರೂ ಬಿಡಲ್ಲ."

ಮನೆಗೆ ತಂದು ದೊಡ್ಡ ತುಂಡೊಂದಕ್ಕೆ ಧಾರಾಳವಾಗಿ ಬಳಿದ. ಇನ್ನೊಂದು ತುಂಡು ತರಲು ತಿರುಗಿದ. ವಾಪಸ್ಸು ನೋಡಿದರೆ ಬಳಿದ ಕಡೆಯೆಲ್ಲ ಬೆಂಡು ಚುಸ್ಸೆಂದು ಒಳಕ್ಕಿಳಿದು, ಸಕ್ಕರೆಗೆ ನೀರು ಬಿದ್ದಂತೆ ಕರಗಿ, ಹಲಗೆಯ ಮಧ್ಯೆ ಬುಟ್ಟಿಯಷ್ಟು ತೂತು ಬಿದ್ದಿತ್ತು. ಲಕ್ಷ್ಮಯ್ಯ ಸಲ್ಯೂಷನ್ ಸಾಲಲಿಲ್ಲವೆಂದುಕೊಂಡು ಅಂಚಿಗೆ ಇನ್ನಷ್ಟು ಬಳಿದ. ಅಂಚೂ ಹೋಯಿತು. ಕೊನೆಗೆ ಉಳಿದದ್ದು ಅವನ ಎರಡು ಬೆರಳು, ಒಂದಕ್ಕೊಂದು ಭದ್ರವಾಗಿ ಅಂಟಿಕೊಂಡು.

ಸಪ್ಪಲಮ್ಮ ಬೆರಳಿಗೆ ಸೀಮೆಎಣ್ಣೆ ಹಚ್ಚಿ ಬಿಡಿಸಿದಳು. ಹಿತ್ತಿಲಿನಿಂದ ಮುನಿವೆಂಕಟಮ್ಮ ಹೇಳಿದಳು: "ಕಂಬಳಿ ನೇಯೋರು ನೂಲಿಗೆ ಏನು ಹಾಕ್ತಾರೆ? ಹುಣಸೆಬೀಜದ ಗಂಜಿ. ನಲ್ಲೂರು ತೋಪು ಪಕ್ಕದಲ್ಲಿಟ್ಕಂಡು ಸೈಕಲ್ ಶಾಪಿಗೆ ಹೋಗೋನ ಏನಂತ ಕರೀಬೇಕು ನಾನು?"

ಮುದುಕಿಯೇ ಹುಣಸೆಬೀಜ ಹುರಿದು ಸಿಪ್ಪೆ ತೆಗೆದು ಬೀಸಿ ಗಂಜಿ ಕಾಯಿಸಿದಳು. ಅದು ಹಿಡಿಯಿತು. ಬೆಂಡಿನ ಕೆಳಮೈಗೆ ಆ ಗಂಜಿಯಲ್ಲಿ ಹಳೆಯ ಪೇಪರು, ಸಿಮೆಂಟು ಚೀಲದ ಕಾಗದ ಎರಡು ಪದರ ಅಂಟಿಸಿ, ಒಣಗಿದ ಮೇಲೆ ಕೆಮ್ಮಣ್ಣು ಸಗಣಿ ಕಲಸಿ ತೆಳ್ಳಗೆ ಸಾರಿಸಿದರು. ಕಿಡಿ ಹಾರಿದರೂ ತಾಗದಿರಲಿ ಎಂಬುದು ಸಪ್ಪಲಮ್ಮನ ಲೆಕ್ಕ. ಇನ್ನೊಂದು ಕಾರಣವೂ ಇತ್ತು. ಕೆಳಗೆ ಉದುರಿದ ಬಿಳಿ ಕಾಳುಗಳನ್ನು ಕೋಳಿಗಳು ನುಚ್ಚೆಂದು ತಿಳಿದು ಮುಗಿಬಿದ್ದು ತಿನ್ನುತ್ತಿದ್ದವು. ಎರಡು ದಿನ ಅವು ಹಾಕಿದ ಹಿಕ್ಕೆ ಗಾಳಿಗೆ ಅಂಗಳದಲ್ಲಿ ಉರುಳಾಡಿತು. ಆಮೇಲೆ ಕೋಳಿಗಳ ಮೇಲೆ ಬುಟ್ಟಿ ಮುಚ್ಚಿಯೇ ಕೆಲಸ ಮಾಡಿದರು.

ಬಗ್ಗಿ ಎದ್ದು ಮಾಡುವಾಗ ಲಕ್ಷ್ಮಯ್ಯನ ಹಣೆ ತೊಲೆಗೆ ಬಡಿದು ಊದಿಕೊಂಡಿತು. ಮರುದಿನ ಟೀ ಅಂಗಡಿಯವನು ಅವನ ಮುಖ ನೋಡಿ, ಲೋಟದಲ್ಲಿ ಅರ್ಧ ಟೀ ಹೆಚ್ಚಿಗೆ ಹಾಕಿ, ತಗ್ಗಿದ ದನಿಯಲ್ಲಿ ಕೇಳಿದ: "ಮನೇಲಿ ಎಲ್ಲ ಸರಿ ಐತಾ ಲಕ್ಷ್ಮಯ್ಯ?"

"ತೊಲೆ ತಾಗ್ತು."

"ಅಲ್ವೇ ಮತ್ತೆ, ತೊಲೇನೇ ತಾಗಿರ್ತೈತೆ," ಎಂದ ಟೀ ಅಂಗಡಿಯವನು, ಕಣ್ಣಲ್ಲಿ ನೀರು ತುಂಬಿಕೊಂಡು. ಅಲ್ಲಿ ಕೂತಿದ್ದವರೆಲ್ಲ ನೆಲ ನೋಡಿದರು. ಹೆಂಡತಿಯಿಂದ ಏಟು ತಿನ್ನುವವನೆಂದು ಊರು ತನ್ನ ಮೇಲೆ ಕನಿಕರ ಪಡುತ್ತಿದೆ ಎಂದು ಲಕ್ಷ್ಮಯ್ಯನಿಗೆ ಹೊಳೆದದ್ದು ಮನೆಗೆ ಅರ್ಧ ದಾರಿ ಬಂದ ಮೇಲೆ. ತಿರುಗಿ ಹೋಗಿ ನಿಜ ಹೇಳೋಣವೆಂದುಕೊಂಡ. ಆ ನಿಜದ ಕೊನೆಯಲ್ಲಿ ಗೆದ್ದ ಅಪ್ಪಯ್ಯಣ್ಣನೇ ನಿಂತಿದ್ದ. ಮನೆಗೆ ಹೋಗಿ ಹಣೆಗೆ ಅರಿಸಿನ ಹಚ್ಚಿಕೊಂಡು ಮತ್ತೆ ತೊಲೆಯ ಕೆಳಗೆ ಸೇರಿಕೊಂಡ.

ಆ ವರ್ಷದ ಯುಗಾದಿಗೆ ಮನೆಯ ಹಿಂದಿನ ಅರ್ಧ ಮುಗಿದಿತ್ತು, ಮುಂದಿನ ಅರ್ಧ ಬಾಕಿ ಇತ್ತು. ಹಬ್ಬದ ಮರುದಿನ ಹೊಸತೊಡಕು, ಮಾಂಸದೂಟದ ದಿನ. ಮನೆಮನೆಯಲ್ಲೂ ಬಾಡಿನ ಸಾರು ಕುದಿಯುತ್ತಿತ್ತು, ಅರಳಿಕಟ್ಟೆಯ ಮುಂದೆ ಗಂಡಸರು ಗುಂಡು ಎತ್ತುತ್ತಿದ್ದರು. ಅದು ತಾತನ ಕಾಲದ ಕಲ್ಲುಗುಂಡು, ಎತ್ತಿ ಭುಜದಿಂದ ಹಿಂದಕ್ಕೆ ಎಸೆದವನು ಗೆದ್ದಂತೆ. ಆ ಸಲ ಪಕ್ಕದ ಊರಿನಿಂದ ನೆಂಟನಾಗಿ ಬಂದಿದ್ದ ಪೈಲ್ವಾನನೊಬ್ಬ ಅದನ್ನು ಆಟದ ಚೆಂಡಿನಂತೆ ಎಸೆದು, ಈ ಊರಲ್ಲಿ ಇನ್ಯಾರೂ ಇಲ್ಲವಾ ಎಂದು ಮೀಸೆ ತಿರುವಿದ. ಊರಿನ ಹುಡುಗರು ಒಬ್ಬೊಬ್ಬರೇ ಬಂದು ಮೊಣಕಾಲಿನ ತನಕ ಎತ್ತಿ ಬಿಟ್ಟರು.

ಅಪ್ಪಯ್ಯಣ್ಣ ಕಟ್ಟೆಯಿಂದ ಎದ್ದು ನಿಂತ. "ಇದ್ದಾಳೆ," ಎಂದ. "ಗಂಡಸಲ್ಲ. ಆದ್ರೂ ಇದ್ದಾಳೆ."

ತಮಟೆಯವರು ಮುಂದೆ, ಊರು ಹಿಂದೆ, ಎಲ್ಲರೂ ಲಕ್ಷ್ಮಯ್ಯನ ಮನೆ ಮುಂದೆ ಬಂದು ನಿಂತರು. ಸಪ್ಪಲಮ್ಮ ಮಸಾಲೆ ಅರೆಯುತ್ತಿದ್ದವಳು ಕೈ ಒರೆಸಿಕೊಂಡು ಹೊರಗೆ ಬಂದಳು. ಅಪ್ಪಯ್ಯಣ್ಣ ಕೈ ಮುಗಿದ. "ಊರಿನ ಮಾನ ಉಳಿಸಬೇಕಮ್ಮ ನೀನು. ಒಂದೇ ಒಂದು ಸಲ."

ಸಪ್ಪಲಮ್ಮ ಗಂಡನ ಕಡೆ ನೋಡಿದಳು. "ಏನ್ಮಾಡ್ಲಿ ಮಾವ? ಎತ್ತಲಾ?"

ಲಕ್ಷ್ಮಯ್ಯನಿಗೆ ಎರಡೂ ಕಡೆ ಇಕ್ಕಟ್ಟು. ಬೇಡ ಎನ್ನಬೇಕು, ಆದರೆ ಯಾಕೆ ಬೇಡ ಎಂದು ಹೇಳಬೇಕು. ಅವನು ತಡವರಿಸುತ್ತಿದ್ದ ಹಾಗೇ ಅವಳು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಅರಳಿಕಟ್ಟೆಯ ಕಡೆ ನಡೆದೇಬಿಟ್ಟಳು. ತಮಟೆ ಜೋರಾಯಿತು. ಲಕ್ಷ್ಮಯ್ಯನಿಗೆ ಹೆಂಡತಿಯ ಗುಣ ಗೊತ್ತಿತ್ತು. ಎತ್ತಲಾಗದು ಎಂದು ತಿಳಿದಿದ್ದರೂ ಹೊರಟವಳು ಹಿಂದೆ ಬರುವುದಿಲ್ಲ. ಗುಂಡಿಗೆ ಕೈ ಹಾಕುತ್ತಾಳೆ, ಸೊಂಟ ಹಿಡಿಯುತ್ತದೆ, ಇಲ್ಲವೇ ಕಾಲ ಮೇಲೆ ಕಲ್ಲು ಬೀಳುತ್ತದೆ. ಅವನು ಜನರನ್ನು ತಳ್ಳಿಕೊಂಡು ಓಡಿದ, ಅವಳನ್ನೂ ದಾಟಿಕೊಂಡು ಓಡಿ, ಹೋಗಿ ಗುಂಡಿನ ಮೇಲೆ ಕೂತುಬಿಟ್ಟ.

ತಮಟೆ ನಿಂತಿತು.

"ಏಳಪ್ಪ, ಕಲ್ಲಿನ ಜೊತೆ ನಿನ್ನೂ ಎತ್ತಬೇಕಾ ಅವಳು?" ಎಂದ ಪೈಲ್ವಾನ.

"ಮೂಟೇಲಿ ಇರೋದು ಕಬ್ಬಿಣ ಅಲ್ಲ," ಎಂದ ಲಕ್ಷ್ಮಯ್ಯ, ಯಾರ ಮುಖವನ್ನೂ ನೋಡದೆ. "ಬೆಂಡು. ಫ್ಯಾಕ್ಟರಿಯೋರು ಎಸಿಯೋ ಬೆಂಡು. ಮೂಟೆ ಪೂರ್ತಿ ಸೇರಿದ್ರೂ ಒಂದು ಹುಂಜದ ತೂಕ ಇಲ್ಲ."

"ಬೆಂಡು ನಿಂಗ್ಯಾಕ್ಲಾ?" ಎಂದ ಅಪ್ಪಯ್ಯಣ್ಣ.

ಲಕ್ಷ್ಮಯ್ಯ ಮಣ್ಣನ್ನು ಕಾಲಬೆರಳಿಂದ ಕೆದಕಿದ. "ಸೆಕೆಗೆ."

"ಏನಂದೆ?"

"ಸೆಕೆ ಅಣ್ಣ. ನಮ್ಮನೇಲಿ ಸೆಕೆ. ಹೋದ ವರ್ಷ ನಾನು ಸ್ನಾನ ಮಾಡ್ತಿರಲಿಲ್ಲ, ಬೇಯ್ತಿದ್ದೆ. ನೀನು ಹೇಳಿದ್ದು ಸರಿ. ಆಯ್ತಾ?"

 ಮೊದಲು ನಕ್ಕವಳು ವರಲಕ್ಷ್ಮಮ್ಮ, ಆಮೇಲೆ ಪೈಲ್ವಾನ, ಆಮೇಲೆ ಅರಳಿಮರದ ಕಾಗೆಗಳು ಹಾರಿಹೋಗುವ ಹಾಗೆ ಇಡೀ ಊರು. ಟೀ ಅಂಗಡಿಯವನು ಬಂದು ಲಕ್ಷ್ಮಯ್ಯನನ್ನು ತಬ್ಬಿಕೊಂಡು, "ಹಂಗಾದ್ರೆ ನಿಜವಾಗ್ಲೂ ತೊಲೇನೇ," ಎಂದ. ಲಕ್ಷ್ಮಯ್ಯನಿಗೆ ಆಶ್ಚರ್ಯವಾದದ್ದು ಬೇರೆ. ಒಂದು ವರ್ಷದಿಂದ ಹೆದರಿಕೊಂಡಿದ್ದ ಮಾತು ಬಾಯಿಂದ ಹೋದ ಮೇಲೆ ಎದೆ ತಂಪಾಗಿತ್ತು. ಸಪ್ಪಲಮ್ಮ ಸೊಂಟದ ಸೆರಗು ಬಿಚ್ಚಿಕೊಂಡು, "ಸಾರು ತಳ ಹತ್ತುತ್ತೆ," ಎಂದು ಮನೆಗೆ ಹೊರಟಳು. ಅವಳ ಹೆಗಲು ಅಲುಗುತ್ತಿದ್ದುದು ಹಿಂದಿನಿಂದ ಕಾಣುತ್ತಿತ್ತು. ನಿಜಕ್ಕೂ ಎತ್ತಲು ಹೊರಟಿದ್ದಳೋ, ಗಂಡನ ಬಾಯಿ ಬಿಡಿಸಲು ಹೊರಟಿದ್ದಳೋ ಲಕ್ಷ್ಮಯ್ಯ ಕೇಳಲಿಲ್ಲ.

ನಗದೆ ಇದ್ದವನು ಅಪ್ಪಯ್ಯಣ್ಣ ಒಬ್ಬನೇ. "ಬೆಂಡು ಕಟ್ಟಿದ್ರೆ ಸೆಕೆ ಹೋಗ್ತೈತಂತೆ. ನೋಡೇಬಿಡಾನ," ಎಂದು ನೇರ ಶೀಟ್‌ಮನೆಗೆ ನಡೆದ. ಸುಡುವ ಮಧ್ಯಾಹ್ನ. ಮುಂದಿನ ಅರ್ಧದಲ್ಲಿ ಕಾಲಿಟ್ಟವನೇ "ಉಸ್ಸಪ್ಪಾ" ಎಂದು ಟವೆಲಿನಿಂದ ಕತ್ತು ಒರೆಸಿಕೊಂಡ. ಅಲ್ಲಿಂದ ಹಿಂದಿನ ಅರ್ಧಕ್ಕೆ ದಾಟಿದ. ನಿಂತ. ಮೇಲೆ ನೋಡಿದ. ಮತ್ತೆ ಮುಂದಕ್ಕೆ ಬಂದ, ಮತ್ತೆ ಹಿಂದಕ್ಕೆ ಹೋದ. "ನಿಂತ್ರೆ ಗೊತ್ತಾಗಲ್ಲ," ಎಂದು ಅಲ್ಲಿದ್ದ ಈಚಲ ಚಾಪೆಯ ಮೇಲೆ ಕೂತ. "ಕೂತ್ರೂ ಗೊತ್ತಾಗಲ್ಲ," ಎಂದು ಮಲಗಿದ.

ದೀಪ ಹಚ್ಚುವ ಹೊತ್ತಿಗೆ ವರಲಕ್ಷ್ಮಮ್ಮ ಗಂಡನನ್ನು ಹುಡುಕಿಕೊಂಡು ಬಂದಳು. ಅವನ ಗೊರಕೆ ಬೀದಿಗೆ ಕೇಳಿಸುತ್ತಿತ್ತು. ಹೊಸತೊಡಕಿನ ಬಾಡೂಟ ಅವನಿಗಾಗಿ ಕಾದು ಕಾದು ತಣ್ಣಗಾಗಿತ್ತು. ಎಬ್ಬಿಸಿದಾಗ ಕೆನ್ನೆಯ ಮೇಲೆ ಚಾಪೆಯ ಗೆರೆ ಮೂಡಿಸಿಕೊಂಡಿದ್ದ ಅಪ್ಪಯ್ಯಣ್ಣ, "ಒಂಚೂರು ತಂಪೈತೆ, ಅಷ್ಟೇ," ಎಂದು ಎದ್ದುಹೋದ.

ಮುಂದಿನ ಅರ್ಧವನ್ನು ಬಾಗಿಲು ತೆರೆದಿಟ್ಟೇ ಮುಗಿಸಿದರು. ಮುದುಕಿ ಎಲೆಯಡಿಕೆ ಚೀಲದೊಂದಿಗೆ ನಡುಮನೆಗೆ ಬಂದು ಕೂತಳು. ಲಕ್ಷ್ಮಯ್ಯನ ಸ್ವಭಾವ ಮಾತ್ರ ಅಷ್ಟು ಸುಲಭಕ್ಕೆ ಬದಲಾಗುವಂಥದ್ದಲ್ಲ. ಆರು ತಿಂಗಳಲ್ಲಿ ಅವನು ಬೆಂಡಿನ ವಿಷಯದಲ್ಲಿ ಸುತ್ತಮುತ್ತಲಿಗೆಲ್ಲ ಪಂಡಿತನಾದ. "ಬಾಗಿಲು ಎರಡೂ ಕಡೆ ಬಾಗಿಲೇ," ಎಂದು ಬಂದವರಿಗೆಲ್ಲ ತನ್ನದೇ ಮಾತೆಂಬಂತೆ ಹೇಳುತ್ತಿದ್ದ. ಒಳಗಿನಿಂದ ಸಪ್ಪಲಮ್ಮ ಅದನ್ನು ಕೇಳಿಸಿಕೊಂಡು ಮುದ್ದೆ ತಿರುವುತ್ತಿದ್ದಳು.

ಆ ವರ್ಷದ ಕೊನೆಗೆ ಅಪ್ಪಯ್ಯಣ್ಣ ರೇಷ್ಮೆ ಹುಳು ಸಾಕಲು ಹಿತ್ತಿಲಲ್ಲಿ ಕೊಠಡಿಯೊಂದನ್ನು ಎತ್ತಿಸಿದ. ಅದರ ಮೇಲೆ ಜಿಂಕ್ ಶೀಟು. ಶಿವರಾತ್ರಿ ಕಳೆಯುತ್ತಿದ್ದಂತೆ ಹುಳುಗಳು ಸೆಕೆಗೆ ಸೊಪ್ಪು ಬಿಟ್ಟು ತಲೆ ಎತ್ತಿಕೊಂಡು ಕೂತವು. ಅಪ್ಪಯ್ಯಣ್ಣ ಒಂದು ಸಂಜೆ ಬಂದು ಲಕ್ಷ್ಮಯ್ಯನ ಜಗಲಿಯ ತುದಿಯಲ್ಲಿ ಕೂತು ಬಹಳ ಹೊತ್ತು ಬೆಳೆಯ ಮಾತಾಡಿದ. ಆಮೇಲೆ, "ಒಂದು ನಾಕು ಮೂಟೆ ಬೆಂಡು ಬೇಕಾಗಿತ್ತು," ಎಂದ. "ನಂಗಲ್ಲ ಕಣ್ಲಾ. ಹುಳಕ್ಕೆ."

ಲಕ್ಷ್ಮಯ್ಯ ಎಂಥ ಮಾತಾಡಬಹುದಿತ್ತೆಂದು ಆಮೇಲೆ ವಾರಗಟ್ಟಲೆ ಯೋಚಿಸಿದ. ಆದರೆ ಆ ಹೊತ್ತಿಗೆ ಬಾಯಿಗೆ ಬಂದದ್ದು, "ಹುಳಕ್ಕಾದ್ರೆ ತಗೋ ಅಣ್ಣ," ಎಂಬುದಷ್ಟೇ. ಗಂಜಿ ಕಾಯಿಸಿ ಕಾಗದ ಅಂಟಿಸುವುದನ್ನು ಸಪ್ಪಲಮ್ಮನೇ ಹೋಗಿ ವರಲಕ್ಷ್ಮಮ್ಮನಿಗೆ ತೋರಿಸಿಕೊಟ್ಟಳು.

ಎಪ್ಪತ್ತನಾಲ್ಕರ ಏಪ್ರಿಲ್ಲಿನಲ್ಲಿ ಬೆಂಡು ಒಂದು ಪೆಟ್ಟು ಕೊಟ್ಟಿತು. ಲಕ್ಷ್ಮಯ್ಯ ಆ ಸಲ ತೋಪಿನಲ್ಲಿ ಎರಡು ಮರ ಗುತ್ತಿಗೆ ಹಿಡಿದು, ಬಡಿಸಿ ತಂದ ಹುಣಸೆಹಣ್ಣನ್ನು ಅಂಗಳದ ತುಂಬ ಒಣಗಲು ಹರಡಿದ್ದ. ಭಾನುವಾರ ಊಟವಾದ ಮೇಲೆ ಮೂವರೂ ಬಾಗಿಲು ಮುಂದಕ್ಕೆ ಹಾಕಿಕೊಂಡು ತಂಪಿನಲ್ಲಿ ನಿದ್ದೆ ಹೋದರು. ಎದ್ದು ಬಾಗಿಲು ತೆರೆದರೆ ಬೀದಿಯಲ್ಲಿ ಹೊಳೆ. ಮುಂಗಾರಿಗೆ ಮುಂಚಿನ ಮಳೆ ಗುಡುಗಿಲ್ಲದೆ ಬಂದು ಒಂದು ಗಂಟೆ ಸುರಿದು ಹೋಗಿತ್ತು. ಶೀಟಿನ ಮೇಲೆ ಬಿದ್ದ ಮಳೆ ಮೊದಲಾಗಿದ್ದರೆ ಸತ್ತವರನ್ನೂ ಎಬ್ಬಿಸುತ್ತಿತ್ತು. ಬೆಂಡಿಲ್ಲದ ಅಡಿಗೆಮನೆಯ ಬಾಗಿಲನ್ನು ಸೆಕೆ ಬರದಿರಲೆಂದು ಮುಚ್ಚಿದ್ದರು, ಮಿಕ್ಕ ಕಡೆ ಬೆಂಡು ಅದನ್ನೂ ನುಂಗಿತ್ತು. ಅಂಗಳದ ತುಂಬ ಕಂದು ಬಣ್ಣದ ಹುಳಿನೀರು ನಿಂತು, ಅಂಚಿನಿಂದ ಮೋರಿಗೆ ಹರಿಯುತ್ತಿತ್ತು.

"ಊರಿಗೆಲ್ಲ ಆಗೋಷ್ಟು ಸಾರು ಐತಲ್ಲಪ್ಪ," ಎಂದಳು ಮುನಿವೆಂಕಟಮ್ಮ. "ಬ್ಯಾಳೆ ಒಂದು ಬೇಯಿಸ್ಬಿಟ್ರೆ ಮುಗೀತು."

ಲಕ್ಷ್ಮಯ್ಯ ಮೊಣಕಾಲಿನ ತನಕ ಪಂಚೆ ಎತ್ತಿಕೊಂಡು ಆ ಸಾರಿನ ಮಧ್ಯೆ ನಿಂತ. ಕೈಗೆ ಸಿಕ್ಕಷ್ಟು ಹಣ್ಣನ್ನು ಮೂವರೂ ಬುಟ್ಟಿಗೆ ಬಾಚಿದರು. ಮರುದಿನ ಸಂಜೆ ಸಪ್ಪಲಮ್ಮ ನಡುಮನೆಯಲ್ಲಿ ಏಣಿ ಹಾಕಿ, ಬಾಗಿಲ ಬಳಿಯ ಒಂದು ಬೆಂಡನ್ನು ಕಿತ್ತು ತೆಗೆದಳು.

"ಕಷ್ಟಪಟ್ಟು ಕಟ್ಟಿದ್ದನ್ನ ಯಾಕೆ ಕೀಳ್ತೀಯ?" ಎಂದ ಲಕ್ಷ್ಮಯ್ಯ.

"ಮಳೆ ಬಂದ್ರೆ ಕೇಳಿಸ್ಬೇಕಲ್ಲ ಮಾವ. ಮನೆಗೆ ಒಂದು ಕಿವಿ ಇರಲಿ."

ಆ ಒಂದು ಚೌಕದ ಕೆಳಗೆ ಮಧ್ಯಾಹ್ನ ಹಳೆಯ ಸೆಕೆ ಕಂಬದಂತೆ ನೆಲಕ್ಕಿಳಿಯುತ್ತಿತ್ತು. ಯಾರೂ ಅಲ್ಲಿ ಕೂರುತ್ತಿರಲಿಲ್ಲ. ಮುನಿವೆಂಕಟಮ್ಮ ಮಾತ್ರ ಅಲ್ಲೊಂದು ಮೊರ ಇಟ್ಟು, ಕಾಗೆ ಕಾಯುವ ಗೋಜಿಲ್ಲದೆ, ವರ್ಷವೆಲ್ಲ ಸಂಡಿಗೆ ಒಣಗಿಸಿಕೊಂಡಳು.